ಒಬ್ಬರ ಕೈಯಲ್ಲಿರುವ ಓಪನ್ ಸೋರ್ಸ್ ಲೈಬ್ರರಿಗೆ ಚುನಾಯಿತ ಮಂಡಳಿ ಬೇಕೆ?

ಪರ

ಓಪನ್ ಸೋರ್ಸ್ ಲೈಬ್ರರಿ ಎಂದರೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿನಲ್ಲಿ ಬಳಸಬಹುದಾದ ಮುಕ್ತ ಕೋಡ್ ಸಂಗ್ರಹ. ಅದರ ಸ್ಥಾಪಕರು ಚುರುಕಾಗಿರುವಷ್ಟು ದಿನ ಯಾರಿಗೂ ನಿಯಮ ಬೇಕೆನಿಸುವುದಿಲ್ಲ. 2018ರ ಜುಲೈನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸ್ಥಾಪಕ ಗೈಡೊ ವಾನ್ ರಾಸಮ್, ವಾಲ್ರಸ್ ಆಪರೇಟರ್ (:= ಎಂಬ ಹೊಸ ಚಿಹ್ನೆ) ಕುರಿತ ಪೆಪ್ 572ರ (ಪೆಪ್ ಎಂದರೆ ಪೈಥಾನಿಗೆ ಬದಲಾವಣೆ ಸೂಚಿಸುವ ಪ್ರಸ್ತಾವ) ಜಗಳದಿಂದ ಬೇಸತ್ತು, ಪೈಥಾನಿನ ಕೊನೆಯ ಮಾತು ಹೇಳುವ ಅಧಿಕಾರ ಬಿಟ್ಟರು, ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಇನ್ನು ಮುಂದೆ ತೀರ್ಮಾನಿಸುವವರು ಯಾರೆಂದು ತೀರ್ಮಾನಿಸುವುದಕ್ಕೇ ಡಿಸೆಂಬರ್ ಬಂತು. ಏಳು ಪ್ರಸ್ತಾವಗಳಲ್ಲಿ ಗೆದ್ದದ್ದು ಪೆಪ್ 8016: ಐವರ ಸ್ಟೀರಿಂಗ್ ಕೌನ್ಸಿಲ್ (ಆಡಳಿತ ಮಂಡಳಿ), ಪ್ರತಿ ಫೀಚರ್ ರಿಲೀಸಿನ (ಹೊಸ ಸೌಲಭ್ಯ ತರುವ ಆವೃತ್ತಿಯ) ನಂತರ ಚುನಾವಣೆ, ಮೂರನೇ ಎರಡರಷ್ಟು ಮತ ಬಿದ್ದರೆ ಅವಿಶ್ವಾಸ, ಒಂದೇ ಕಂಪನಿಯಿಂದ ಇಬ್ಬರಿಗಿಂತ ಹೆಚ್ಚಿಲ್ಲ. ಈ ಕೊನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯ. ಲೈಬ್ರರಿ ಜನಪ್ರಿಯವಾದಂತೆಲ್ಲ, ಸಂಬಳ ಪಡೆದು ಪ್ಯಾಚ್ (ಕೋಡಿನ ತಿದ್ದುಪಡಿ) ಬರೆಯುವವರ ಸಂಖ್ಯೆ ಬಿಡುವಿನಲ್ಲಿ ಬರೆಯುವವರನ್ನು ಮೀರುತ್ತದೆ. ಮಿತಿ ಇಲ್ಲದಿದ್ದರೆ ಯಾವ ಬಗ್ ಮೊದಲು ಸರಿಯಾಗಬೇಕೆಂಬುದನ್ನು ಆ ಕಂಪನಿಯೇ ಹೇಳತೊಡಗುತ್ತದೆ.

ವ್ಯವಸ್ಥೆ ಇಲ್ಲದ ಕಡೆ ಏನಾಗುತ್ತದೆ? ಅದೇ 2018ರಲ್ಲಿ, ಜಾವಾಸ್ಕ್ರಿಪ್ಟ್ ಕೋಡ್ ಹಂಚುವ ಭಂಡಾರವಾದ ಎನ್‌ಪಿಎಂನ ಇವೆಂಟ್-ಸ್ಟ್ರೀಮ್ ಪ್ಯಾಕೇಜನ್ನು ಅದರ ಲೇಖಕರು, ತಾವು ಬಳಸುವುದನ್ನೇ ಬಿಟ್ಟಿದ್ದರಿಂದ, ಕೇಳಿದ ಅಪರಿಚಿತರೊಬ್ಬರಿಗೆ ಒಪ್ಪಿಸಿದರು. ಬಂದವರು ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಎಂಬ ಹೊಸ ಡಿಪೆಂಡೆನ್ಸಿ (ಅದು ಅವಲಂಬಿಸುವ ಇನ್ನೊಂದು ಪ್ಯಾಕೇಜು) ಸೇರಿಸಿ, ಕೋಪೇ ಬಿಟ್‌ಕಾಯಿನ್ ವ್ಯಾಲೆಟ್ಟಿಗೆ ಕನ್ನ ಹಾಕುವ ಕೋಡ್ ತೂರಿಸಿದರು. ಲೇಖಕರನ್ನು ಬೈದು ಫಲವಿಲ್ಲ. ಪಬ್ಲಿಶ್ ಹಕ್ಕು (ಹೊಸ ಆವೃತ್ತಿ ಹೊರಡಿಸುವ ಅಧಿಕಾರ) ಕೈ ಬದಲಾಗುವಾಗ ಇನ್ನೊಬ್ಬರ ಒಪ್ಪಿಗೆ ಕೇಳಬೇಕೆಂಬ ಏರ್ಪಾಡೇ ಅಲ್ಲಿರಲಿಲ್ಲ.

ವಿರೋಧ

ಪೈಥಾನಿನಲ್ಲಿ ಮತ ಹಾಕಲು ಹತ್ತಾರು ಕೋರ್ ಡೆವಲಪರ್‌ಗಳಿದ್ದರು. ಇಬ್ಬರೇ ಕಮಿಟ್ ಮಾಡುವ (ಕೋಡ್ ಸೇರಿಸುವ) ಕಂಪ್ರೆಷನ್ ಲೈಬ್ರರಿಯಲ್ಲಿ ಐವರ ಮಂಡಳಿಗೆ ನಿಲ್ಲುವವರು ಯಾರು? ಬಂದ ಪ್ಯಾಚ್ ಓದುವುದಕ್ಕೇ ಅಲ್ಲಿ ಜನವಿಲ್ಲ. ಪೈಥಾನಿನಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಮ್‌ಪೈನಷ್ಟು ದೊಡ್ಡ ಲೈಬ್ರರಿಯಲ್ಲೂ ಕೌನ್ಸಿಲ್ಲಿಗೆ ಹೊಸಬರ ಹೆಸರು ಸೂಚಿಸುವುದು ಈಗಾಗಲೇ ಇರುವ ಸದಸ್ಯರೇ. ಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್‌ನಲ್ಲಿ ನಿರ್ವಾಹಕರು ಹಲವರಿದ್ದರೂ ಕೊನೆಯ ಮಾತು ಇಂದಿಗೂ ಅದರ ಸ್ಥಾಪಕ ಡೇನಿಯಲ್ ಸ್ಟೆನ್‌ಬರ್ಗ್ ಅವರದು, ಅದೇನೂ ಮುಳುಗಿಲ್ಲ.

ಫೈಲ್ ಕುಗ್ಗಿಸುವ ಎಕ್ಸ್‌ಝೆಡ್ ಲೈಬ್ರರಿಯ ಪ್ರಕರಣವನ್ನು ಬಿಡಿಸಿ ನೋಡಿ. 2022ರಲ್ಲಿ ಗುರುತಿಲ್ಲದ ಕೆಲವು ಖಾತೆಗಳು, ಕೆಲಸ ನಿಧಾನವಾಗಿದೆ, ಹೊಸ ನಿರ್ವಾಹಕರನ್ನು ಸೇರಿಸಿಕೊಳ್ಳಿ ಎಂದು ಒಬ್ಬಂಟಿ ನಿರ್ವಾಹಕರ ಬೆನ್ನು ಬಿದ್ದವು. ಜಿಯಾ ಟಾನ್ ಎಂಬ ಹೆಸರಿನವರು ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಪ್ಯಾಚ್‌ಗಳನ್ನೇ ಕೊಟ್ಟು, ರಿಲೀಸ್ ಹಕ್ಕನ್ನೂ ಪಡೆದು, 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟರು. ಚುನಾವಣೆ ಇದ್ದಿದ್ದರೆ ಅವರು ಸಲೀಸಾಗಿ ಗೆಲ್ಲುತ್ತಿದ್ದರು! ಹಿಂಬಾಗಿಲನ್ನು ಬಿಲ್ಡ್‌ಗೆ (ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಕೆಲಸಕ್ಕೆ) ಎಳೆದು ತರುವ ಸ್ಕ್ರಿಪ್ಟ್, ಎಲ್ಲರೂ ನೋಡುವ ಕೋಡ್ ದಾಖಲೆಯಾದ ಗಿಟ್‌ನಲ್ಲಿರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಹಂಚಲು ಕಟ್ಟಿದ ಫೈಲುಗಳ ಗಂಟಿನಲ್ಲಿ) ಮಾತ್ರ ಇತ್ತು. ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಕೆದಕಿದ್ದಕ್ಕೆ ಅದು ಸಿಕ್ಕಿಬಿತ್ತು.

ಸಣ್ಣ ಲೈಬ್ರರಿಗೆ ಬೇಕಾದ ಬಂದೋಬಸ್ತು ಒಂದು ಪುಟ ಮೀರದು. ಟಾರ್‌ಬಾಲ್ ಯಾರದೋ ಲ್ಯಾಪ್‌ಟಾಪಿನಲ್ಲಿ ತಯಾರಾಗಬಾರದು. ಗಿಟ್ ಟ್ಯಾಗ್‌ನಿಂದ (ಆವೃತ್ತಿಯ ಗುರುತಿನಿಂದ) ಸಿಐ, ಅಂದರೆ ತಾನಾಗಿ ಬಿಲ್ಡ್ ಮಾಡುವ ಸರ್ವರ್, ತಯಾರಿಸಲಿ, ಇನ್ನೊಬ್ಬರು ಬೇರೆ ಯಂತ್ರದಲ್ಲಿ ಬಿಲ್ಡ್ ಮಾಡಿ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತಾಳೆ ನೋಡಲಿ. ಪಬ್ಲಿಶ್ ಹಕ್ಕು ಕನಿಷ್ಠ ಇಬ್ಬರಿಗೆ, ಎರಡು ಹಂತದ ದೃಢೀಕರಣದೊಂದಿಗೆ. ವರ್ಷವಿಡೀ ಸುಳಿಯದವರ ಹಕ್ಕು ತೆಗೆಯಿರಿ, ಹೆಸರು ಬೇಕಾದರೆ ಇರಲಿ. ಟೆಸ್ಟ್ ಫೋಲ್ಡರಿಗೆ ಬೈನರಿ ಫೈಲ್ (ಮನುಷ್ಯರು ಓದಲಾಗದ ಫೈಲ್) ಬಂದರೆ, ಅದನ್ನು ತಯಾರಿಸಿದ ಸ್ಕ್ರಿಪ್ಟನ್ನೂ ಕೇಳಿ. ಎಕ್ಸ್‌ಝೆಡ್‌ನ ಮಾಲು ಅಡಗಿದ್ದು ಅಂಥ ಟೆಸ್ಟ್ ಫೈಲುಗಳಲ್ಲೇ.