3,600 ಗಂಟೆಯ ವೃತ್ತಿ, ಹೊರಗುತ್ತಿಗೆಯ ಬೆರಳು

ನಮ್ಮ ದೇಶದಲ್ಲಿ ಹೆಲ್ತ್ ಇನ್ಫರ್ಮ್ಯಾಟಿಕ್ಸ್, ಅಂದರೆ ಆರೋಗ್ಯದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ದಾಖಲಿಸಿ ನಿಭಾಯಿಸುವ ಕೆಲಸ, ಈಗ ಕಾನೂನು ಒಪ್ಪಿದ ವೃತ್ತಿ. 2021ರಲ್ಲಿ ಸಂಸತ್ತು ಪಾಸು ಮಾಡಿದ ಅಲೈಡ್ (ಪೂರಕ) ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆಯ ಅನುಸೂಚಿಯಲ್ಲಿ ಹತ್ತು ಗುಂಪುಗಳಿವೆ, ಇದು ಹತ್ತನೆಯದು. ಕೊನೇ ಪಂಕ್ತಿಗೆ ಹೋಳಿಗೆ ಉಳಿಯುವುದಿಲ್ಲ ಅನ್ನುವುದು ಊಟಕ್ಕೆ ಹೋದವರಿಗೆಲ್ಲ ಗೊತ್ತು. ಇರಲಿ, ಎಲೆ ಹಾಕಿದ್ದಾರಲ್ಲ!

ಅಳತೆಯಲ್ಲಿ ಮಾತ್ರ ಜಿಪುಣತನವಿಲ್ಲ. ಕಾಯ್ದೆಯ ಪ್ರಕಾರ 'ಅಲೈಡ್' ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಯ ಓದು ಬೇಕು, 'ಆರೋಗ್ಯ ವೃತ್ತಿಪರ' ಎನಿಸಿಕೊಳ್ಳಲು 3,600.

ಇನ್ನು ಆಸ್ಪತ್ರೆಯ ದಾಖಲೆ ಕೊಠಡಿಗೆ ಬನ್ನಿ. ಅಲ್ಲಿರುವುದು ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್. ಏಜೆನ್ಸಿ ಕೇಳಿದ್ದು ಟೈಪಿಂಗ್ ಬರುತ್ತದಾ ಅಂತ, ಅಷ್ಟೇ. ಎದುರಿಗೆ ಡಾಕ್ಟರು ಗೀಚಿದ ಕೇಸ್ ಶೀಟು. 'ಜ್ವರ' ಎಂಬಲ್ಲಿಯವರೆಗೆ ಓದಬಹುದು, ಮುಂದಿನದು ಟೈಫಾಯ್ಡೋ ಡೆಂಗಿಯೋ ಸಹಿಯೋ ದೇವರೇ ಬಲ್ಲ. ಟೈಫಾಯ್ಡ್ ಆದರೆ ಐಸಿಡಿ-10 ಎಂಬ ರೋಗಗಳ ಸಂಕೇತಪಟ್ಟಿಯಿಂದ ಎ01.0 ಹಾಕಬೇಕು. ಕೇಳೋಣವೆಂದರೆ ಡಾಕ್ಟರು ರೌಂಡ್ಸ್‌ನಲ್ಲಿ, ಪಕ್ಕದಲ್ಲಿ ಫೈಲಿನ ಗುಡ್ಡ. ಆಪರೇಟರ್ ಆರ್50.9 ಒತ್ತಿ ಮುಂದಿನ ಫೈಲು ಎಳೆಯುತ್ತಾನೆ. ಆರ್50.9 ಎಂದರೆ 'ನಿರ್ದಿಷ್ಟಪಡಿಸದ ಜ್ವರ'. ಮೇಲಿನವರ ಡ್ಯಾಶ್‌ಬೋರ್ಡಿನಲ್ಲಿ ಇಡೀ ತಾಲ್ಲೂಕಿಗೇ ನಿರ್ದಿಷ್ಟಪಡಿಸದ ಜ್ವರ! ಗ್ರಾಫು ಮಾತ್ರ ಬಲು ಚಂದ.

ರೋಗಿಗೆ ಆಭಾ ಎಂಬ ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಯ ನಂಬರು ಕೊಟ್ಟಾಯಿತು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಒಪಿಡಿ ಟೋಕನ್ನೂ ಬರುತ್ತದೆ. ಆ ಟೋಕನ್ ಹಿಡಿದು ಒಳಗೆ ಹೋದವನ ಕೈಗೆ ಬರುವುದು ಮತ್ತದೇ ಗೀಚಿದ ಚೀಟಿ.

ಇನ್ನೂ ಕೆಳಗಿಳಿದರೆ ಆಶಾ ಕಾರ್ಯಕರ್ತೆ. ಸರ್ಕಾರದ ಪಾಲಿಗೆ ಈಕೆ ಸ್ವಯಂಸೇವಕಿ, ನೌಕರಳಲ್ಲ. 2025ರ ಜನವರಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ, ನಮ್ಮ ಪ್ರೋತ್ಸಾಹಧನವನ್ನು ತಾಯಿ-ಮಗುವಿನ ಲೆಕ್ಕ ಇಡುವ ಆರ್‌ಸಿಎಚ್ ಪೋರ್ಟಲ್ಲಿಗೆ ಗಂಟು ಹಾಕಬೇಡಿ ಎನ್ನುವುದೂ ಬೇಡಿಕೆಗಳಲ್ಲಿ ಒಂದಾಗಿತ್ತು. ಯಾಕೆಂದು ಕೇಳುತ್ತೀರಾ? ರಾತ್ರಿಯೆಲ್ಲ ಜೊತೆಗಿದ್ದು ಹೆರಿಗೆ ಮುಗಿಸಿಕೊಂಡು ಬಂದಿರುತ್ತಾಳೆ. ಮಗು ಕೇರಿಗೆ ಕೇಳುವಂತೆ ಅಳುತ್ತಿರುತ್ತದೆ. ಪೋರ್ಟಲ್ಲಿನಲ್ಲಿ ಮಾತ್ರ ತಾಯಿಗಿನ್ನೂ ಏಳನೇ ತಿಂಗಳು. ದುಡ್ಡು ಬರಬೇಕಾದರೆ ಅದೇ ಮಗು ಸರ್ವರಿನಲ್ಲೂ ಹುಟ್ಟಬೇಕು. ಆ ಎರಡನೇ ಹೆರಿಗೆಗೆ ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕು ಹತ್ತುವವಳೂ ಅವಳೇ. ಟ್ಯಾಂಕು ಹತ್ತಿದ್ದು ಥಿಯರಿಯೋ ಪ್ರಾಕ್ಟಿಕಲ್ಲೋ ಎಂದು ಆ ಕಾಯ್ದೆಯಡಿಯ ಆಯೋಗ ತೀರ್ಮಾನಿಸಿದರೆ, 3,600 ಗಂಟೆಯಲ್ಲಿ ಅವಳಿಗೆ ಎಷ್ಟು ಜಮಾ ಎಂದು ಲೆಕ್ಕ ಹಾಕಲು ಶುರುಮಾಡಬಹುದು.