ಫ್ಯೂಯೆಲ್ ಎಷ್ಟಿದೆಯೋ?

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬ್ಯಾಟಲ್‌ಫೀಲ್ಡ್ 4 ಅನ್ನೋ ವಿಡಿಯೋ ಗೇಮಿನಲ್ಲಿ ಜೆಟ್ ಹಾರಿಸುತ್ತಾ ಕೂತಿದ್ದೆ. ಅಪ್ಪ ಎಲೆ ಅಡಿಕೆ ಹಾಕಿಕೊಂಡು ಬಂದು ಕುರ್ಚಿ ಹಿಂದೆ ನಿಂತರು. ಅವರು ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಸರ್ವೀಸಿನ ಬಹುಪಾಲು ಜಾಗ್ವಾರ್ ಯುದ್ಧವಿಮಾನದ ಹ್ಯಾಂಗರಿನಲ್ಲೇ ಕಳೆದದ್ದು. ಐದು ನಿಮಿಷ ಸುಮ್ಮನೆ ನೋಡಿದರು. ನಾನು ಆಗಷ್ಟೇ ಎರಡು ವಿಮಾನ ಉರುಳಿಸಿ ಬೀಗುತ್ತಿದ್ದೆ. ಶಭಾಷ್ ಅಂತಾರೇನೋ ಅಂದುಕೊಂಡೆ.

"ಫ್ಯೂಯೆಲ್ ಎಷ್ಟಿದೆಯೋ?" ಅಂದರು.

"ಇದರಲ್ಲಿ ಫ್ಯೂಯೆಲ್ ಇಲ್ಲಪ್ಪ. ಖಾಲಿನೇ ಆಗಲ್ಲ."

"ಮತ್ತೆ ವಾಪಸ್ ಯಾವಾಗ ಬರ್ತೀಯ?"

"ಬರಲ್ಲ."

ಸ್ಕ್ರೀನನ್ನು ಇನ್ನೊಂದು ಸಲ ನೋಡಿದರು. "ಹಂಗಾದ್ರೆ ಅದು ವಿಮಾನ ಅಲ್ಲ ಬಿಡು" ಅಂತ ಹೇಳಿ ಮಲಗೋಕೆ ಹೋದರು.

ಇದು ಆರೇಳು ವರ್ಷದ ಹಿಂದಿನ ಮಾತು. ಆವತ್ತು ಸಿಟ್ಟು ಬಂದಿತ್ತು. ಈಗ ಅಪ್ಪ ಹೇಳಿದ್ದೇ ಸರಿ ಅನ್ನಿಸುತ್ತಿದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಗೇಮ್ ಆಡದವರೂ ಓದಬಹುದು. ಬೈಯುವವರು ಹೇಗೂ ಆಡುವವರೇ.

2011ರಲ್ಲಿ ಬ್ಯಾಟಲ್‌ಫೀಲ್ಡ್ 3 ಬಂತು. ಒಂದು ಮ್ಯಾಪಿನಲ್ಲಿ 64 ಜನ, ಒಂದೊಂದು ಕಡೆ 32. ಜೆಟ್ ಇರೋದು ಒಂದೋ ಎರಡೋ. ಉಳಿದವರೆಲ್ಲ ನೆಲದ ಮೇಲೆ ಓಡಾಡಬೇಕು. ಹಾಗಾಗಿ ರನ್‌ವೇ ಪಕ್ಕ ಬಸ್ ಸ್ಟ್ಯಾಂಡಿನ ಹಾಗೆ ಜನ ನಿಂತಿರುತ್ತಿದ್ದರು. ನನಗೆ ಸಿಕ್ಕಿದ ಮೊದಲ ಜೆಟ್ಟನ್ನು ಹತ್ತು ಸೆಕೆಂಡಿನಲ್ಲಿ ಮರಕ್ಕೆ ಗುದ್ದಿದೆ. ಎರಡನೆಯದನ್ನೂ ಅದೇ ಮರಕ್ಕೆ. ಕಾಯುತ್ತಿದ್ದವರು ನಾಲ್ಕು ಭಾಷೆಯಲ್ಲಿ ಬೈದರು. ಇನ್ನೂ ಒಂದು ತಮಾಷೆ ಇತ್ತು. ಹೊಸಬರ ಜೆಟ್ಟಿಗೆ ಬರೀ ಗನ್ ಮಾತ್ರ. ಮಿಸೈಲ್ ಬೇಕಾದರೂ, ಬರುವ ಮಿಸೈಲಿನಿಂದ ತಪ್ಪಿಸಿಕೊಳ್ಳುವ ಫ್ಲೇರ್ ಬೇಕಾದರೂ ಮೊದಲು ಪಾಯಿಂಟ್ ಗಳಿಸಬೇಕು. ಈಜು ಬಾರದವನನ್ನು ಬಾವಿಗೆ ತಳ್ಳಿ, ಹತ್ತು ಸುತ್ತು ಈಜಿ ತೋರಿಸು, ಆಮೇಲೆ ಬೆಂಡು ಕಟ್ತೀವಿ ಅಂದ ಹಾಗೆ.

ಕಲಿತ ಮೇಲೆ ಮಾತ್ರ ಹುಚ್ಚು ಹಿಡಿಯಿತು. 2013ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 4ರಲ್ಲಿ ಜೆಟ್ ಆಡಿದವರಿಗೆ 313 ಅಂದರೆ ಸಾಕು, ಅರ್ಥವಾಗುತ್ತದೆ. ವೇಗ 313 ತೋರಿಸುವಾಗ ಜೆಟ್ ಎಲ್ಲಕ್ಕಿಂತ ಬೇಗ ತಿರುಗುತ್ತದೆ. ಅದಕ್ಕಿಂತ ಜಾಸ್ತಿ ಆದರೆ ತಿರುವು ಅಗಲವಾಗುತ್ತದೆ, ಕಡಿಮೆ ಆದರೆ ವಿಮಾನ ಜಡವಾಗುತ್ತದೆ. ಚೆನ್ನಾಗಿ ಆಡುವ ಇಬ್ಬರು ಎದುರಾದರೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತಾರೆ. ಇಬ್ಬರ ಬೆರಳೂ ಆ 313 ಜಾರದ ಹಾಗೆ ಹಿಡಿಯುವುದರಲ್ಲೇ ಇರುತ್ತದೆ. ನಿಜವಾದ ಫೈಟರ್‌ಗೂ ಇಂಥದ್ದೊಂದು ವೇಗ ಇದೆ. ಕಾರ್ನರ್ ಸ್ಪೀಡ್ ಅನ್ನುತ್ತಾರೆ. ಅಮೆರಿಕದ ಎಫ್-16 ಫೈಟರ್‌ಗೆ ಅದು ಇದಕ್ಕಿಂತ ಎಷ್ಟೋ ಜಾಸ್ತಿ. ಅಂದರೆ ಸಂಖ್ಯೆ ಸುಳ್ಳು, ಲೆಕ್ಕ ನಿಜ. ನನಗೆ ಆ ಆಟದ ಮೇಲೆ ಇವತ್ತಿಗೂ ಗೌರವ ಇದೆ.

ಆದರೆ ಫ್ಯೂಯೆಲ್ ಇಲ್ಲ. ಅಪ್ಪನ ಮಾತು ಕಿವಿಯಲ್ಲಿ ಉಳಿದುಬಿಟ್ಟಿತ್ತು. ಅದಕ್ಕೇ ವಾರ್ ಥಂಡರ್ ಅನ್ನೋ ಇನ್ನೊಂದು ಗೇಮ್ ಹಾಕಿಕೊಂಡೆ.

ವಾರ್ ಥಂಡರ್‌ನಲ್ಲಿ ಹಾರುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ಎಷ್ಟು ನಿಮಿಷದ ಇಂಧನ ತುಂಬಿಸಲಿ? ಜಾಸ್ತಿ ತುಂಬಿಸಿದರೆ ವಿಮಾನ ಭಾರ, ತಿರುಗುವುದಿಲ್ಲ. ಕಡಿಮೆ ತುಂಬಿಸಿದರೆ ಹಗುರ, ಆದರೆ ಆಫ್ಟರ್‌ಬರ್ನರ್ (ಜೋರು ಹೆಚ್ಚಿಸಲು ಎಂಜಿನ್ನಿನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಸುರಿದು ಉರಿಸೋದು) ಹಚ್ಚಿದ ಕೂಡಲೇ ಟ್ಯಾಂಕಿಗೆ ತೂತು ಬಿದ್ದ ಹಾಗೆ ಮುಳ್ಳು ಇಳಿಯುತ್ತದೆ. ಬರೆದಿದ್ದ ನಿಮಿಷದ ಲೆಕ್ಕ ಎಲ್ಲೋ ಹೋಗುತ್ತದೆ. ಮೊದಲ ದಿನವೇ ನನ್ನ ವಿಮಾನ ಬೆಟ್ಟದ ಮೇಲೆ ಸದ್ದಿಲ್ಲದೆ ತೇಲಿತು. ಶತ್ರು ಒಬ್ಬನೂ ಹತ್ತಿರ ಇರಲಿಲ್ಲ. ಗಾಳಿಯ ಶಬ್ದ ಕೇಳಿಸಿಕೊಳ್ಳುತ್ತಾ ಗದ್ದೆಗೆ ಇಳಿದೆ. ಅಪ್ಪನಿಗೆ ಹೇಳಿದೆ. ತುಂಬಾ ಖುಷಿಪಟ್ಟರು.

ಇಂಧನ ಅನ್ನೋದು ಬಂದ ಕೂಡಲೇ ಆಟ ಪೂರ್ತಿ ಬದಲಾಗುತ್ತದೆ. ಆಮೇಲೆ ಎಲ್ಲವೂ ಖರ್ಚಿನ ಲೆಕ್ಕ. 1960ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆಯ ಜಾನ್ ಬಾಯ್ಡ್ ಅನ್ನೋ ಪೈಲಟ್, ಥಾಮಸ್ ಕ್ರಿಸ್ಟಿ ಅನ್ನೋ ಗಣಿತದವರ ಜೊತೆ ಕೂತು ಇದನ್ನೇ ಸೂತ್ರ ಮಾಡಿದರು. ವಿಮಾನದ ಹತ್ತಿರ ಇರುವ ದುಡ್ಡು ಎರಡು ಜೇಬಿನಲ್ಲಿರುತ್ತದೆ: ಒಂದು ಎತ್ತರ, ಇನ್ನೊಂದು ವೇಗ. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ನಂದಿ ಬೆಟ್ಟಕ್ಕೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆವರು ಸುರಿಸಿ ಹತ್ತಿದ್ದೆಲ್ಲ ಇಳಿಯುವಾಗ ಪುಕ್ಕಟೆ ವೇಗವಾಗಿ ಸಿಗುತ್ತದೆ. ಗಂಟೆಗೆ 720 ಕಿ.ಮೀ. ವೇಗದ ವಿಮಾನ ತನ್ನ ವೇಗವನ್ನೆಲ್ಲ ಎತ್ತರ ಮಾಡಿಕೊಂಡರೆ, ಗಾಳಿಯ ಎಳೆತ ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 2,000 ಮೀಟರ್ ಮೇಲೇರುತ್ತದೆ. ಪ್ರತಿ ಬಿಗಿ ತಿರುವಿಗೂ ಆ ಜೇಬಿನಿಂದ ಸೋರುತ್ತಿರುತ್ತದೆ. ಎರಡೂ ಜೇಬು ಖಾಲಿ ಆದವನು ಆಕಾಶದಲ್ಲಿ ನಿಂತ ಗುರಿ.

ನಾನು ಅದೇ ಆಗಿದ್ದೆ. ನಮ್ಮ ಸ್ಕ್ವಾಡಿನಲ್ಲಿ ಹುಬ್ಬಳ್ಳಿಯವನೊಬ್ಬ, ದುಬೈಯಲ್ಲಿ ಕೆಲಸ ಮಾಡುವ ಕುಂದಾಪುರದವನೊಬ್ಬ. ಮೂವರೂ ಹೆಡ್‌ಫೋನ್ ಹಾಕಿಕೊಂಡು ಕನ್ನಡದಲ್ಲೇ ಕಿರುಚುವುದು. ಶತ್ರು ಕಂಡರೆ ಸಾಕು, ನಾನು ಮೂಗು ಕೆಳಗೆ ಮಾಡಿ ಧುಮುಕಿಬಿಡುತ್ತಿದ್ದೆ. ಒಬ್ಬನನ್ನು ಹೊಡೆಯುತ್ತಿದ್ದೆ, ನಾಲ್ವರು ನನ್ನನ್ನು ಹೊಡೆಯುತ್ತಿದ್ದರು. "ಲೇ ತಮ್ಮಾ, ಹಿಂದ ನೋಡ್ಲೇ, ವಾಪಸ್ ಬಾ" ಅಂತ ಹುಬ್ಬಳ್ಳಿಯವನು ಕೂಗುವಷ್ಟರಲ್ಲಿ ಪ್ಯಾರಾಚೂಟಿನಲ್ಲಿರುತ್ತಿದ್ದೆ. ಒಂದೇ ವಾರಕ್ಕೆ ನನಗೆ ಅಭಿಮನ್ಯು ಅಂತ ಹೆಸರಾಯಿತು. ಇವತ್ತಿಗೂ ಆ ಹೆಸರು ಹೋಗಿಲ್ಲ.

ಹೊರಗೆ ಬರುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಶಾಖ ಹುಡುಕುವ ಮಿಸೈಲ್ ಹಿಂದೆ ಬಿದ್ದರೆ ಮೊದಲು ಆಫ್ಟರ್‌ಬರ್ನರ್ ಆರಿಸಬೇಕು, ಆಮೇಲೆ ಫ್ಲೇರ್. ಓಡಿಹೋಗಬೇಕು ಅನ್ನಿಸುವ ಹೊತ್ತಲ್ಲೇ ಎಂಜಿನ್ ತಣ್ಣಗೆ ಮಾಡಬೇಕು. ಹೇಳೋದು ಸುಲಭ, ಬೆರಳು ಕೇಳಲ್ಲ. ರೇಡಾರ್ ಮಿಸೈಲ್ ಆದರೆ ಇನ್ನೂ ವಿಚಿತ್ರ. ಶತ್ರುವಿಗೆ ಅಡ್ಡಲಾಗಿ ಹಾರಬೇಕು, ಅದೂ ಕೆಳಗೆ. ಡಾಪ್ಲರ್ ರೇಡಾರ್ ನಿಮ್ಮನ್ನು ಗುರುತು ಹಿಡಿಯೋದು ನೀವು ಅದರ ಕಡೆ ಬರುವ ಅಥವಾ ಅದರಿಂದ ದೂರ ಹೋಗುವ ವೇಗದಿಂದ. ಅಡ್ಡ ಹಾರಿದರೆ ಅದರ ಕಣ್ಣಿಗೆ ನೀವೂ ನೆಲವೂ ಒಂದೇ. ಆಡುವವರು ಇದಕ್ಕೆ ನಾಚ್ ಮಾಡೋದು ಅನ್ನುತ್ತಾರೆ. ಮೊದಲ ಸಲ ಮಿಸೈಲ್ ನನ್ನನ್ನು ಮರೆತು ಪಕ್ಕದ ಗುಡ್ಡಕ್ಕೆ ಹೋಗಿ ಬಡಿದಾಗ ಎದ್ದು ನಿಂತು ಕುಣಿದಿದ್ದೆ. ರಾತ್ರಿ ಒಂದು ಗಂಟೆ. ಹೆಂಡತಿ ಇನ್ನೂ ಆಗಾಗ ನೆನಪಿಸುತ್ತಾಳೆ.

ಇಲ್ಲಿಂದ ಆಡುವವರಿಗೆ ಇನ್ನೊಬ್ಬ ಶತ್ರು ಇದ್ದಾನೆ, ಪಿಂಗ್. ಗಂಟೆಗೆ 900 ಕಿ.ಮೀ. ಅಂದರೆ ಸೆಕೆಂಡಿಗೆ 250 ಮೀಟರ್. ನೆಟ್ 0.2 ಸೆಕೆಂಡ್ ತಡ ಮಾಡಿದರೆ ನೀವು ನೋಡುತ್ತಿರುವ ವಿಮಾನ ಆಗಲೇ 50 ಮೀಟರ್ ಮುಂದೆ ಹೋಗಿದೆ. ಎಫ್-16ರ ಉದ್ದ ಸುಮಾರು 15 ಮೀಟರ್. ಅಂದರೆ ನೀವು ಗುಂಡು ಹಾರಿಸುತ್ತಿರೋದು ಮೂರು ವಿಮಾನದಷ್ಟು ಹಿಂದೆ. ಮಳೆ ಬಂದ ಸಂಜೆ ನಮ್ಮ ಏರಿಯಾದಲ್ಲಿ ನಾನು ಯುದ್ಧಕ್ಕೇ ಹೋಗುವುದಿಲ್ಲ.

ಡಿಸಿಎಸ್ ಅನ್ನೋ ಯುದ್ಧವಿಮಾನದ ಸಿಮ್ಯುಲೇಟರ್ ಗೇಮ್ ಬಗ್ಗೆ ಹೇಳದಿದ್ದರೆ ಆ ಪಂಗಡದವರು ಬಿಡುವುದಿಲ್ಲ. ಅದರ ಎಷ್ಟೋ ವಿಮಾನಗಳಲ್ಲಿ ಕಾಕ್‌ಪಿಟ್ಟಿನ ಸ್ವಿಚ್ಚನ್ನು ಒಂದೊಂದಾಗಿ ಹಾಕಿ ಎಂಜಿನ್ ಶುರು ಮಾಡಬೇಕು. ಎಸ್‌ಯು-25ಟಿ ವಿಮಾನ, ಕಾಕಸಸ್ ಮ್ಯಾಪ್ ಎರಡೂ ಪುಕ್ಕಟೆ ಸಿಗುತ್ತವೆ, ನೋಡಬೇಕು ಅನ್ನುವವರು ನೋಡಿ. ನನ್ನ ಪಾಲಿಗೆ ಅದರ ಜೀವ ಇರುವುದು ಒಂದೇ ಪದದಲ್ಲಿ: ಬಿಂಗೊ. ವಾಪಸ್ ಹೋಗಲು ಬೇಕಾದಷ್ಟೇ ಇಂಧನ ಉಳಿದಿದೆ, ಇನ್ನು ತಿರುಗು ಅಂತ ಅರ್ಥ. ಎಫ್/ಎ-18ಸಿಯಲ್ಲಿ ಆ ಮಿತಿಯನ್ನು ನೀವೇ ಇಡಬಹುದು. ಮುಳ್ಳು ಅಲ್ಲಿಗೆ ಬಂದ ಕೂಡಲೇ ಒಂದು ಹೆಂಗಸಿನ ದನಿ "ಬಿಂಗೊ, ಬಿಂಗೊ" ಅನ್ನುತ್ತದೆ. ಎದುರಿಗೆ ಶತ್ರು ಇದ್ದರೂ, ಇನ್ನೊಂದೇ ಒಂದು ತಿರುವು ಅನ್ನಿಸಿದರೂ ತಿರುಗಬೇಕು. ಮಗು ಇರುವ ಮನೆಯಲ್ಲಿ ಡಿಸಿಎಸ್‌ಗೆ ಬೇಕಾದಷ್ಟು ಸಮಯ ಸಿಗುವುದಿಲ್ಲ. ಹಾಗಾಗಿ ನಾನು ವಾರ್ ಥಂಡರ್‌ಗೇ ವಾಪಸ್ ಬಂದೆ. ಆದರೆ ಆ ಬಿಂಗೊ ಜೊತೆಗೇ ತಂದುಕೊಂಡೆ. ಮಾನಿಟರ್ ಕೆಳಗೆ ಹಳದಿ ಚೀಟಿ ಅಂಟಿಸಿದ್ದೇನೆ.

ಇದಕ್ಕೆ ಕುಂದಾಪುರದವನದು ಸದಾ ಒಂದೇ ತಕರಾರು. "ಮಾರಾಯಾ, ಇದು ಆಟ. ನಾಲ್ಕು ನಿಮಿಷ ಖಾಲಿ ಆಕಾಶದಲ್ಲಿ ಮನೆಗೆ ಹೋಗೂಕೆ ಯಾರಿಗೆ ಪುರುಸೊತ್ತು? ಸತ್ರೆ ಮತ್ತೊಂದು ಮ್ಯಾಚ್." ಅವನು ಹೇಳೋದು ಪೂರ್ತಿ ಸುಳ್ಳಲ್ಲ. ದಿನವಿಡೀ ಆಫೀಸಿನಲ್ಲಿ ದುಡಿದು ಬಂದವನಿಗೆ ಅರ್ಧ ಗಂಟೆ ಸಿಗುತ್ತದೆ, ಅದರಲ್ಲಿ ಗುಂಡು ಹಾರಿಸಬೇಕು ಅನ್ನಿಸುವುದು ಸಹಜ. ಆದರೆ ನನ್ನ ತಲೆಯಲ್ಲಿ ಉಳಿದಿರುವ ಮ್ಯಾಚ್‌ಗಳನ್ನು ಎಣಿಸಿದರೆ, ಐದು ಜನರನ್ನು ಹೊಡೆದ ದಿನಗಳು ಒಂದೂ ನೆನಪಿಲ್ಲ. ರೆಕ್ಕೆಯ ತುದಿ ಮುರಿದು, ಇಂಧನ ಸೋರುತ್ತಾ, ಹಿಂದೆ ಒಬ್ಬ ಬಿದ್ದು, ರನ್‌ವೇ ಮೇಲೆ ಜಾರಿಕೊಂಡು ನಿಂತೆನಲ್ಲ, ಆ ಮ್ಯಾಚ್ ಪೂರ್ತಿ ನೆನಪಿದೆ. ಸ್ಕೋರ್‌ಬೋರ್ಡ್ ಮಾಡುವವರು ಸುರಕ್ಷಿತವಾಗಿ ಇಳಿದವರಿಗೂ ಒಂದು ಕಾಲಂ ಇಡಬೇಕು. ಅದನ್ನೇ ಮೊದಲ ಕಾಲಂ ಮಾಡಬೇಕು. ನನ್ನ ವಾದ ಇಷ್ಟೇ.

2020ರ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನೆಯ ಡಾರ್ಪಾ ಸಂಸ್ಥೆ ಒಂದು ಪಂದ್ಯ ಇಟ್ಟಿತ್ತು. ಸಿಮ್ಯುಲೇಟರಿನ ಎಫ್-16ರಲ್ಲಿ ಒಂದು ಕಡೆ ಎಐ ಪ್ರೋಗ್ರಾಂ, ಇನ್ನೊಂದು ಕಡೆ ನಿಜವಾದ ಎಫ್-16 ಪೈಲಟ್. 5-0ಯಿಂದ ಪ್ರೋಗ್ರಾಂ ಗೆದ್ದಿತು. ಅದು ಗೆದ್ದದ್ದು ಹೇಗೆ ಗೊತ್ತಾ? ಮುಖಾಮುಖಿ ನುಗ್ಗಿ ಗನ್ ಹೊಡೆದು. ಡಿಕ್ಕಿಯಾಗುತ್ತದೆ ಅಂತ ಪೈಲಟ್‌ಗಳಿಗೆ ತರಬೇತಿಯಲ್ಲಿ ಬೇಡ ಅಂತ ಹೇಳುವ ಹೊಡೆತ ಅದು. ಎಲ್ಲರೂ ಎಐ ಎಂಥ ಬುದ್ಧಿವಂತ ಅಂತ ಬೆರಗಾದರು. ನನಗೆ ಕಂಡಿದ್ದು ಬ್ಯಾಟಲ್‌ಫೀಲ್ಡ್ ಕಾಲದ ನಾನೇ. ಮನೆಗೆ ಹೋಗಬೇಕು ಅನ್ನೋದು ತಲೆಯಲ್ಲಿ ಇಲ್ಲದವನು ಹಾಗೇ ಆಡುತ್ತಾನೆ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ಆಟದಲ್ಲಿ ವಿಮಾನ ಇದೆ, ಮೈ ಇಲ್ಲ. 9 ಜಿ, ಅಂದರೆ ಭೂಮಿಯ ಸೆಳೆತದ ಒಂಬತ್ತು ಪಟ್ಟು ಒತ್ತುವ ತಿರುವಿನಲ್ಲಿ 70 ಕೆ.ಜಿ. ಮನುಷ್ಯ 630 ಕೆ.ಜಿ. ಆಗುತ್ತಾನೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ. ಅದನ್ನು ತಡೆದುಕೊಳ್ಳುವುದು ಹೇಗೆ ಅಂತ ಪೈಲಟ್‌ಗಳು ನಮ್ಮ ಬೆಂಗಳೂರಿನದೇ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ, ಗಿರಗಿರ ತಿರುಗುವ ಯಂತ್ರದಲ್ಲಿ ಕೂತು ಕಲಿಯುತ್ತಾರೆ. ನನಗೆ ಸ್ಕ್ರೀನಿನ ಅಂಚು ಕಪ್ಪಾಗುತ್ತದೆ, ಅಷ್ಟೇ. ಕೈಯಲ್ಲಿ ಕಾಫಿ ಲೋಟ ಇರುತ್ತದೆ. ಆದ್ದರಿಂದ "ನಾವೂ ನಿಜವಾದ ಜೆಟ್ ಹಾರಿಸಬಲ್ಲೆವು" ಅಂತ ಬರೆಯುವ ಹುಡುಗರು ದಯವಿಟ್ಟು ಒಮ್ಮೆ ಜಾಯಿಂಟ್ ವೀಲ್‌ನಲ್ಲಿ ಕೂತು ಬನ್ನಿ.

2025ರ ಏರೋ ಇಂಡಿಯಾಗೆ ಅಪ್ಪನನ್ನು ಯಲಹಂಕಕ್ಕೆ ಕರೆದುಕೊಂಡು ಹೋಗಿದ್ದೆ. ರಷ್ಯಾದ ಎಸ್‌ಯು-57, ಅಮೆರಿಕದ ಎಫ್-35 ಎರಡೂ ಬಂದಿದ್ದವು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಎಲ್ಲರೂ ಮೊಬೈಲ್ ಎತ್ತಿ ಆಕಾಶ ನೋಡುತ್ತಿದ್ದರು. ಅಪ್ಪ ತಲೆಗೆ ಟವಲ್ ಸುತ್ತಿಕೊಂಡು ರನ್‌ವೇ ಕಡೆ ನೋಡುತ್ತಿದ್ದರು. ಇಳಿಯುವಾಗ ಟೈರಿನಿಂದ ಹೊಗೆ ಏಳುತ್ತದಲ್ಲ, ಆಗ ಮಾತ್ರ ಚಪ್ಪಾಳೆ ತಟ್ಟಿದರು.

ಅದಾದ ಕೆಲವು ವಾರಕ್ಕೆ ವಾರ್ ಥಂಡರ್‌ನಲ್ಲಿ ಜಾಗ್ವಾರ್ ತೆಗೆದು ಟೆಸ್ಟ್ ಫ್ಲೈಟಿಗೆ ಹಾಕಿ, ಅಪ್ಪನ ಕೈಗೆ ಮೌಸ್ ಕೊಟ್ಟೆ. ಭೂಮಿ ಗುಂಡಗಿರುವುದರಿಂದಲೇ ಜಾಗ್ವಾರ್ ಮೇಲೇಳುತ್ತದೆ ಅಂತ ಹಳೆಯ ತಮಾಷೆ ಇದೆ. ಅಪ್ಪ ಅದನ್ನು ಹೇಳಿ ತಾವೇ ನಕ್ಕರು. ಮೊದಲೆರಡು ಸಲ ಹುಲ್ಲಿಗೆ ಹೋದರು. ಮೂರನೇ ಸಲ ಎದ್ದಿತು. ಬಾಂಬ್ ಇದೆ, ಕೆಳಗೆ ಟ್ಯಾಂಕ್ ನಿಲ್ಲಿಸಿದ್ದಾರೆ, ಹೊಡೀರಿ ಅಂದೆ. ಕೇಳಿಸಿಕೊಳ್ಳಲೇ ಇಲ್ಲ. ಒಂದೇ ಒಂದು ದೊಡ್ಡ ಸುತ್ತು ಹಾಕಿ, ನನ್ನಿಂದ ಚಕ್ರ ಇಳಿಸಿಸಿ, ಎರಡು ಸಲ ಪುಟಿದು ನೆಲ ಮುಟ್ಟಿದರು. ಆಮೇಲೆ ನಿಧಾನಕ್ಕೆ ಉರುಳಿಸಿಕೊಂಡು ಬಂದು ಹ್ಯಾಂಗರ್ ಮುಂದೆ ನಿಲ್ಲಿಸಿದರು. ಎಂಜಿನ್ ಗುರ್ ಅನ್ನುತ್ತಲೇ ಇತ್ತು.

"ಇದನ್ನ ಆಫ್ ಮಾಡೋದು ಹೆಂಗೋ?"

ಇಷ್ಟು ವರ್ಷ ಆಡಿದ್ದೇನೆ, ಇಳಿದ ಮೇಲೆ ಒಂದು ಸಲವೂ ಎಂಜಿನ್ ಆಫ್ ಮಾಡಿರಲಿಲ್ಲ. ಸೆಟ್ಟಿಂಗ್ಸ್ ತೆಗೆದು ಯಾವ ಕೀ ಅಂತ ಹುಡುಕಿದೆ.