ಈ ಫೋನ್ ಸತ್ತಿಲ್ಲ ಮಾರಾಯ್ರೇ

ನಿನ್ನೆ ರಾತ್ರಿ ಒಂದೂವರೆಗೆ ನನ್ನ ಹಳೇ ಫೋನ್ ಎದ್ದು ಕೂತಿತು. ಸರ್ವಿಸ್ ಸೆಂಟರಿನಲ್ಲಿ "ಇದರ ಕಥೆ ಮುಗೀತು ಸರ್, ಎಕ್ಸ್‌ಚೇಂಜ್‌ಗೆ ಹಾಕಿಬಿಡಿ" ಅಂದಿದ್ದರಲ್ಲ, ಅದೇ ಫೋನ್. ಈಗ ಅದರಲ್ಲಿ ಆಂಡ್ರಾಯ್ಡ್ ಬದಲು ಪೋಸ್ಟ್‌ಮಾರ್ಕೆಟ್‌ಓಎಸ್ ಓಡುತ್ತಿದೆ. ಅದು ಲಿನಕ್ಸ್ ಅನ್ನುವ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ ಓಎಸ್, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ. ನನ್ನ ಲಿನಕ್ಸ್ ಹುಚ್ಚು ನಿಮಗೆ ಗೊತ್ತಿದ್ದದ್ದೇ. ಆದರೆ ಇವತ್ತು ಖುಷಿಯ ಜೊತೆಗೆ ಸಿಟ್ಟೂ ಬಂದಿದೆ, ಸ್ವಲ್ಪ ಕೇಳಿಸಿಕೊಳ್ಳಿ.

ಆ ಫೋನಿಗೆ ಆಗಿದ್ದಾದರೂ ಏನು? ಸ್ಕ್ರೀನಿನ ಮೇಲೆ ಒಂದು ಗೀರಿಲ್ಲ. ಬ್ಯಾಟರಿ ಇವತ್ತಿಗೂ ಸಂಜೆಯವರೆಗೆ ಬರುತ್ತದೆ. "ಅಪ್‌ಡೇಟ್ ಬರಲ್ಲ" ಅನ್ನುವುದೊಂದೇ ಅದರ ಕಾಯಿಲೆ. ಆ ಕಾಯಿಲೆ ಫೋನಿನದಲ್ಲ, ಮಾರಿದವರದು.

"ಆಂಡ್ರಾಯ್ಡೂ ಲಿನಕ್ಸೇ ಅಲ್ವಾ?" ಅಂತ ಕೇಳುತ್ತೀರಿ. ಹೌದು, ಅದರ ಕರ್ನಲ್, ಅಂದರೆ ಚಿಪ್ಪಿನ ಜೊತೆ ನೇರವಾಗಿ ಮಾತಾಡುವ ಓಎಸ್‌ನ ತಿರುಳು, ಲಿನಕ್ಸಿನದೇ. ಆದರೆ ಚಿಪ್ ಮಾಡುವವರು ಕರ್ನಲ್ಲಿನ ಒಂದು ಆವೃತ್ತಿಯನ್ನು ಎತ್ತಿಕೊಂಡು, ಅದಕ್ಕೆ ತಮ್ಮದೇ ರಾಶಿ ಕೋಡ್ ಮೆತ್ತಿ ಫೋನ್ ಕಂಪನಿಗೆ ಕೊಡುತ್ತಾರೆ. ಆ ಕೋಡ್ ಬಹುಪಾಲು ಮೂಲ ಕರ್ನಲ್ಲಿಗೆ ಸೇರುವುದೇ ಇಲ್ಲ. ಲಿನಕ್ಸ್ ಮುಂದೆ ಹೋಗುತ್ತದೆ, ಫೋನ್ ನಿಂತಲ್ಲೇ ನಿಲ್ಲುತ್ತದೆ. ನನ್ನ ಫೋನಿನೊಂದಿಗೆ ಬಂದದ್ದು 4.9 ಕರ್ನಲ್. ಅದು ಹೊರಬಂದದ್ದು 2016ರ ಡಿಸೆಂಬರಿನಲ್ಲಿ. ಅದನ್ನು ದುರಸ್ತಿ ಮಾಡುವ ಕೆಲಸವೂ 2023ರ ಜನವರಿಗೆ ನಿಂತಿತು. ನಿನ್ನೆ ಟರ್ಮಿನಲ್ ತೆರೆದು ನೋಡಿದರೆ 6ರ ಸರಣಿಯ ಕರ್ನಲ್! ಅದೇ ಚಿಪ್, ಅದೇ ಸ್ಕ್ರೀನ್. "ಆಗಲ್ಲ" ಅಂದಿದ್ದು ಆಗಿದೆ.

ಮಾಡಿದ್ದು ಯಾರು? ಪೋಸ್ಟ್‌ಮಾರ್ಕೆಟ್‌ಓಎಸ್‌ನವರು. 2017ರಲ್ಲಿ ಶುರುವಾದ ಯೋಜನೆ ಇದು. ಆಲ್ಪೈನ್ ಅನ್ನುವ ಪುಟಾಣಿ ಲಿನಕ್ಸನ್ನು ಬುನಾದಿಯಾಗಿಟ್ಟುಕೊಂಡು, ಒಂದು ಫೋನ್ ಹತ್ತು ವರ್ಷ ಬಾಳಬೇಕು ಅನ್ನುವ ಗುರಿ ಹಾಕಿಕೊಂಡವರು. ಹೆಚ್ಚಿನವರು ಬಿಡುವಿನ ವೇಳೆಯಲ್ಲಿ ಕೂತು ದುಡಿಯುವ ಸ್ವಯಂಸೇವಕರು. ಅವರಿಗೆ ನಾನು ಋಣಿ. ಮೊದಲಿಗೆ ಕನ್ನಡದ ಜಾಗದಲ್ಲಿ ಬರೀ ಖಾಲಿ ಚೌಕಗಳಿದ್ದವು. ನೋಟೋ ಕನ್ನಡ ಫಾಂಟ್ ಹಾಕಿ ಬ್ರೌಸರ್ ತೆರೆದೆ. ಒತ್ತಕ್ಷರಗಳೆಲ್ಲ ಸರಿಯಾಗಿ ಕೂತಿದ್ದನ್ನು ನೋಡಿ ಕಣ್ಣು ಒದ್ದೆಯಾಯಿತು, ನಿಜ ಹೇಳುತ್ತೇನೆ.

ಈಗ ನೀವು ಬ್ಯಾಂಕ್ ಆ್ಯಪ್ ವಿಷಯ ಎತ್ತುತ್ತೀರಿ. ಗೊತ್ತು. ಕ್ಯಾಮೆರಾ ಎಲ್ಲ ಫೋನ್‌ಗಳಲ್ಲೂ ನಡೆಯುವುದಿಲ್ಲ, ಕೆಲವದರಲ್ಲಿ ಕರೆಯೂ ಕಷ್ಟ, ಅದನ್ನು ಒಪ್ಪುತ್ತೇನೆ. ವೇಡ್ರಾಯ್ಡ್ ಅನ್ನುವ ತಂತ್ರಾಂಶ ಹಾಕಿ ಆಂಡ್ರಾಯ್ಡ್ ಆ್ಯಪ್‌ಗಳನ್ನು ಓಡಿಸಬಹುದು, ಆದರೆ ಬ್ಯಾಂಕ್ ಆ್ಯಪ್‌ಗಳು ಅಲ್ಲೂ ಹಲವು ಸಲ ಬಾಗಿಲು ಹಾಕಿಕೊಳ್ಳುತ್ತವೆ. ಯಾಕೆ? ಗೂಗಲ್ ಒಪ್ಪಿದ ಸಾಧನವೇ ಅಂತ ಅವು ವಿಚಾರಿಸುತ್ತವೆ. ವರ್ಷಗಟ್ಟಲೆ ಸೆಕ್ಯುರಿಟಿ ಪ್ಯಾಚ್ ಕಾಣದ ಫೋನ್ ಕೂಡ ಆ ಪರೀಕ್ಷೆಯಲ್ಲಿ ಪಾಸಾಗಬಹುದು. ಇವತ್ತು ಬೆಳಿಗ್ಗೆಯಷ್ಟೇ ಅಪ್‌ಡೇಟ್ ಆದ ನನ್ನ ಫೋನ್ ಫೇಲು! ಇದನ್ನು ಸುರಕ್ಷತೆ ಅಂತ ನಾನು ಕರೆಯಲಾರೆ. ಬ್ಯಾಂಕಿನ ಕೆಲಸಕ್ಕೆ ಜೇಬಿನಲ್ಲಿ ಇನ್ನೊಂದು ಫೋನ್ ಇಟ್ಟುಕೊಂಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಫೋನ್ ಆನ್ ಮಾಡಿದಾಗ ಒಳಗೆ ಯಾವ ಓಎಸ್ ಬರಬಹುದು ಅಂತ ತೀರ್ಮಾನಿಸುವುದು ಬೂಟ್‌ಲೋಡರ್. ಕಳ್ಳರ ಕೈಗೆ ಸಿಕ್ಕರೆ ಅಂತ ಅದಕ್ಕೆ ಬೀಗ ಇರಲಿ, ಬೇಡ ಅನ್ನುವುದಿಲ್ಲ. ಕೀಲಿ ಮಾತ್ರ ದುಡ್ಡು ಕೊಟ್ಟವನ ಕೈಯಲ್ಲಿರಬೇಕು. ಅಪ್‌ಡೇಟ್ ನಿಲ್ಲಿಸುತ್ತೀರಾ? ನಿಲ್ಲಿಸಿ. ನಿಲ್ಲಿಸುವ ದಿನವೇ ಕೀಲಿ ಕೊಡಿ. ನೀವೂ ನೋಡಿಕೊಳ್ಳಲ್ಲ, ಇನ್ನೊಬ್ಬರಿಗೂ ನೋಡಿಕೊಳ್ಳಲು ಬಿಡಲ್ಲ ಅಂದರೆ ಹೇಗೆ?

ನನ್ನ ಮೇಜಿನ ಡ್ರಾಯರಿನಲ್ಲಿ ಇದೇ ವಯಸ್ಸಿನ ಇನ್ನೊಂದು ಫೋನ್ ಇದೆ, ಬೇರೆ ಕಂಪನಿಯದು. ಬೂಟ್‌ಲೋಡರಿನ ಬೀಗ ತೆಗೆಯುವ ಅನ್‌ಲಾಕ್ ಕೋಡ್ ಕೊಡುತ್ತಿದ್ದವರು ನಡುವೆ ನಿಲ್ಲಿಸಿಬಿಟ್ಟರು. ಕೊಡುತ್ತಿದ್ದಾಗ ನಾನು ಕೇಳಲಿಲ್ಲ, "ಆಮೇಲೆ ನೋಡೋಣ" ಅಂದುಕೊಂಡೆ. ಆ ತಪ್ಪು ನನ್ನದೇ. ನಿನ್ನೆ ರಾತ್ರಿ ಮೊದಲನೆಯದು ಎದ್ದ ಸಂಭ್ರಮದಲ್ಲಿ ಅದನ್ನೂ ಹೊರತೆಗೆದು ಚಾರ್ಜಿಗೆ ಹಾಕಿದೆ. ಐದೇ ನಿಮಿಷ. ಲೋಗೋ ಬಂತು, ಸ್ಕ್ರೀನ್ ಬೆಳಗಿತು, ಬೆರಳಿಟ್ಟ ಕಡೆಯೆಲ್ಲ ಓಗೊಟ್ಟಿತು. ಅದೂ ಸತ್ತಿರಲಿಲ್ಲ.